ದೋಸೆಯ ದರವೂ ಸರ್ಕಾರದ ಸೂಚ್ಯಂಕವೂ

ಪ್ರತಿ ತಿಂಗಳ 12ನೆಯ ತಾರೀಖಿನ ಸುಮಾರಿಗೆ ಕೇಂದ್ರ ಸರ್ಕಾರವು ಗ್ರಾಹಕ ಬೆಲೆ ಸೂಚ್ಯಂಕವನ್ನು ಪ್ರಕಟಿಸಿದ ಮರುದಿನ, ಆಹಾರದ ಹಣದುಬ್ಬರ ಇಳಿಯಿತೆಂಬ ಸುದ್ದಿಯನ್ನು ಓದುತ್ತ ಹೋಟೆಲಿನಲ್ಲಿ ಕುಳಿತ ಸದ್ಗೃಹಸ್ಥನು, ತನ್ನ ಮಸಾಲೆದೋಸೆಯ ಬಿಲ್ಲಿನಲ್ಲಿ ಐದು ರೂಪಾಯಿ ಏರಿರುವುದನ್ನು ಕಂಡು, ಇವೆರಡರಲ್ಲಿ ಒಂದು ಸುಳ್ಳಾಗಿರಲೇಬೇಕೆಂದು ಸಿಡಿಮಿಡಿಗೊಂಡರೆ ಅವನನ್ನು ದೂಷಿಸುವಂತಿಲ್ಲ. ಆದರೆ ಎರಡೂ ನಿಜವಾಗಿರುವುದು ಸಾಧ್ಯ. 2012ನ್ನು ಆಧಾರವರ್ಷವಾಗಿ ಉಳ್ಳ ಸರಣಿಯಲ್ಲಿ, ಪತ್ರಿಕೆಗಳು ಆಹಾರದ ಹಣದುಬ್ಬರವೆಂದು ಸಾರುತ್ತಿದ್ದ ಅಂಕಿಯೊಳಗೆ ಅಕ್ಕಿ, ಬೇಳೆ, ತರಕಾರಿ, ಹಾಲು, ಎಣ್ಣೆಗಳಿಗೆ ಸ್ಥಾನವಿತ್ತೇ ಹೊರತು ಹೋಟೆಲಿನ ದೋಸೆಗೆ ಇರಲಿಲ್ಲ. ಅದು ಸಿದ್ಧ ಊಟ, ತಿಂಡಿ, ಮಿಠಾಯಿಗಳ ಉಪವರ್ಗಕ್ಕೆ ಸೇರಿದ್ದಿತು. ಸಮಗ್ರ ಸೂಚ್ಯಂಕದಲ್ಲಿ ಆ ಉಪವರ್ಗದ ತೂಕ ನೂರಕ್ಕೆ 5.55. 2024ನ್ನು ಆಧಾರವಾಗಿಟ್ಟುಕೊಂಡ ಹೊಸ ಸರಣಿಯು ಅಂತರರಾಷ್ಟ್ರೀಯ ವರ್ಗೀಕರಣವನ್ನನುಸರಿಸಿ, ಉಪಾಹಾರಗೃಹ ಮತ್ತು ವಸತಿ ಸೇವೆಗಳಿಗೆ ಸ್ವತಂತ್ರ ವಿಭಾಗವನ್ನೇ ಕೊಟ್ಟಿದೆ. ಇದು ಬಹಳ ಹಿಂದೆಯೇ ಆಗಬೇಕಾಗಿದ್ದ ಕೆಲಸವೆಂದು ನನ್ನ ಎಣಿಕೆ.

ಬೆಲೆ ಸಂಗ್ರಹಿಸುವ ಕ್ರಮ ಹೊರನೋಟಕ್ಕೆ ಸರಳವಾದುದು. 2012ರ ಸರಣಿಗಾಗಿ ದೇಶದ 310 ಪಟ್ಟಣಗಳ 1114 ಮಾರುಕಟ್ಟೆಗಳಿಂದಲೂ 1181 ಹಳ್ಳಿಗಳಿಂದಲೂ ದರಗಳನ್ನು ಬರೆದುಕೊಳ್ಳಲಾಗುತ್ತಿತ್ತು. ಅದೇ ಅಂಗಡಿ, ಅದೇ ಪದಾರ್ಥ, ಅದೇ ಪ್ರಮಾಣ ಎಂಬುದು ಮೂಲನಿಯಮ. ಒಂದು ಕಿಲೋ ಸಕ್ಕರೆಯ ವಿಷಯದಲ್ಲಿ ಈ ನಿಯಮ ನಿರಾಯಾಸವಾಗಿ ನಡೆಯುತ್ತದೆ. ದೋಸೆಯ ವಿಷಯದಲ್ಲಿ ನಡೆಯದು. ರೇಟು ಬೋರ್ಡಿನ ಅಂಕಿ ಅಲ್ಲಾಡದೆ ನಿಂತಿರುವಾಗಲೇ, ಕಾವಲಿಯ ಮೇಲೆ ಹುಯ್ಯುವ ಹಿಟ್ಟು ಅರ್ಧ ಸೌಟು ತಗ್ಗಬಹುದು, ಪಲ್ಯದಲ್ಲಿ ಈರುಳ್ಳಿ ಅಪರೂಪವಾಗಬಹುದು, ಎರಡನೆಯ ಸಲ ಸಾಂಬಾರು ಕೇಳಿದವನ ಮುಖವನ್ನು ಮಾಣಿಯು ಒಂದು ಬಗೆಯಾಗಿ ನೋಡಲೂಬಹುದು. ಇವೆಲ್ಲವೂ ಬೆಲೆಯೇರಿಕೆಯೇ. ಇಡ್ಲಿಯ ತೂಕ ಇಳಿದರೆ ಲೆಕ್ಕ ಹಾಕಿ ಸರಿಪಡಿಸಬಹುದು. ಮಾಣಿಯ ಮುಖಭಾವವನ್ನು ಯಾವ ನಮೂನೆಯಲ್ಲಿ ತುಂಬಿಸುವುದು? ಕಾಫಿ ದುಬಾರಿಯಾಯಿತೆಂದು ಇಬ್ಬರು ಸ್ನೇಹಿತರು ಬೈಟು ಹೇಳಿ ಒಂದನ್ನೇ ಹಂಚಿಕೊಂಡರೆ ಅವರ ಖರ್ಚು ಇಳಿಯುತ್ತದೆ, ಆದರೆ ಕಾಫಿಯ ಬೆಲೆ ಇಳಿದಂತಾಗುವುದಿಲ್ಲ. ಸೂಚ್ಯಂಕವು ಅಳೆಯುವುದು ಬೆಲೆಯನ್ನು, ಮಿತವ್ಯಯವನ್ನಲ್ಲ.

ತೆರಿಗೆಯೂ ಈ ಬೆಲೆಯೊಳಗೆ ಸೇರುತ್ತದೆ. ಗ್ರಾಹಕನು ಗಲ್ಲಾದ ಮುಂದೆ ತೆರುವ ಒಟ್ಟು ಮೊತ್ತವೇ ಗಣನೆಗೆ ಬರತಕ್ಕದ್ದು. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳ ಮೇಲಿನ ಜಿಎಸ್‌ಟಿಯನ್ನು ಶೇಕಡಾ 12 ಮತ್ತು 18ರಿಂದ 5ಕ್ಕೆ ಇಳಿಸಿ, ಅದರೊಡನೆ ಕೊಂಡ ಸಾಮಗ್ರಿಗಳ ಮೇಲೆ ಮಾಲೀಕರು ತೆತ್ತ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಸೌಲಭ್ಯವನ್ನು ಹಿಂತೆಗೆದುಕೊಂಡಾಗ, ತೆರಿಗೆ ಇಳಿದಷ್ಟೂ ಬೋರ್ಡಿನ ದರ ಏರಿದ ಕಡೆ ಸೂಚ್ಯಂಕಕ್ಕೆ ಕಾಣಬೇಕಾದದ್ದು ಯಾವ ಬದಲಾವಣೆಯೂ ಇಲ್ಲದ ಒಂದು ಬಿಲ್ಲು ಮಾತ್ರ. ಈರುಳ್ಳಿಯ ಬೆಲೆ ವಾರಕ್ಕೊಮ್ಮೆ ಏರಿಳಿದರೂ ಬೋರ್ಡಿನ ಅಂಕಿ ಹಾಗೆ ಕುಣಿಯದು. ಬಾಡಿಗೆ, ಸಂಬಳ, 19 ಕಿಲೋ ಸಿಲಿಂಡರಿನ ದರ, ಇವೆಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ದಿನ ಹಠಾತ್ತನೆ ಐದೋ ಹತ್ತೋ ರೂಪಾಯಿ ನೆಗೆದು, ಈರುಳ್ಳಿ ಮತ್ತೆ ಅಗ್ಗವಾದ ಮೇಲೂ ಅಲ್ಲಿಯೇ ನೆಲಸಿಬಿಡುತ್ತದೆ.

ವಸತಿಗೃಹದ ಕೋಣೆಯ ಸ್ವಭಾವವಾದರೋ ಇದಕ್ಕೆ ವಿರುದ್ಧ. ದಸರೆಯ ಮೈಸೂರಿನಲ್ಲಿ ಒಂದು ಬಾಡಿಗೆ, ಅದೇ ಕೋಣೆಗೆ ಮಳೆಗಾಲದ ಮಂಗಳವಾರ ಇನ್ನೊಂದು. ಆದಕಾರಣ ವಾರದ ಯಾವ ದಿನ, ಎಷ್ಟು ಮುಂಗಡವಾಗಿ ಕಾದಿರಿಸಿದ್ದು ಎಂಬುದನ್ನೆಲ್ಲ ಮೊದಲೇ ನಿಗದಿಮಾಡಿಕೊಳ್ಳದೆ ಇಂದಿನ ಬಾಡಿಗೆಯನ್ನು ನಿನ್ನೆಯದರೊಡನೆ ಹೋಲಿಸುವುದು ವ್ಯರ್ಥ.

ಊಟದ ಬಿಲ್ಲು ಇಡೀ ದೇಶದ ಅಂಕಿಯನ್ನೇ ಅಲುಗಿಸಿದ ಪ್ರಸಂಗವನ್ನು ಬ್ರಿಟನ್ನಿನಲ್ಲಿ ನೋಡಬಹುದು. 2020ರ ಆಗಸ್ಟ್ ತಿಂಗಳಲ್ಲಿ, ಸಾಂಕ್ರಾಮಿಕದಿಂದ ಬಡವಾದ ಹೋಟೆಲುಗಳಿಗೆ ಗಿರಾಕಿಗಳನ್ನು ಮರಳಿ ಕರೆತರಲೆಂದು, ಸೋಮವಾರದಿಂದ ಬುಧವಾರದವರೆಗೆ ಹೋಟೆಲಿನಲ್ಲೇ ಕುಳಿತು ಉಂಡವರ ಬಿಲ್ಲಿನಲ್ಲಿ ಅರ್ಧವನ್ನು, ತಲೆಗೆ 10 ಪೌಂಡಿನ ಮಿತಿಯೊಳಗೆ, ಅಲ್ಲಿಯ ಸರ್ಕಾರವೇ ಭರಿಸಿತು. ಮದ್ಯಕ್ಕೆ ಈ ಔದಾರ್ಯವಿರಲಿಲ್ಲ. ಗ್ರಾಹಕನ ಕೈಯಿಂದ ಹೋದುದೇ ಬೆಲೆಯೆಂಬ ತತ್ತ್ವಕ್ಕೆ ಬದ್ಧರಾದ ಸಂಖ್ಯಾಶಾಸ್ತ್ರಜ್ಞರು ಈ ರಿಯಾಯಿತಿಯನ್ನು ಬೆಲೆಯಿಳಿತವೆಂದೇ ದಾಖಲಿಸಿದರು. ಅದಕ್ಕೆ ಕೆಲವು ವಾರಗಳ ಹಿಂದೆ ಹೋಟೆಲು ಊಟದ ಮೇಲಿನ ಮೌಲ್ಯವರ್ಧಿತ ತೆರಿಗೆಯೂ ಶೇಕಡಾ 20ರಿಂದ 5ಕ್ಕೆ ಇಳಿದಿದ್ದಿತು. ಜುಲೈಯಲ್ಲಿ ಶೇಕಡಾ 1.0 ಇದ್ದ ಹಣದುಬ್ಬರ ಆಗಸ್ಟ್‌ನಲ್ಲಿ 0.2ಕ್ಕೆ ಕುಸಿಯಿತು. ಮರುವರ್ಷದ ಆಗಸ್ಟ್‌ನಲ್ಲಿ, ಪೂರ್ಣಬೆಲೆಯ ಊಟವನ್ನು ಆ ಅರ್ಧಬೆಲೆಯ ಊಟದೊಡನೆ ತೂಗಬೇಕಾಗಿ ಬಂದಾಗ, ಒಂದೇ ತಿಂಗಳಲ್ಲಿ ಅದು 2.0ರಿಂದ 3.2ಕ್ಕೆ ನೆಗೆಯಿತು, ಆ ನೆಗೆತದ ದೊಡ್ಡ ಪಾಲು ಹೋಟೆಲು ಊಟದ ಲೆಕ್ಕದಿಂದಲೇ ಹುಟ್ಟಿದ್ದು.