ಹಲವರ ಮತ, ಒಂದು ನಿರ್ಣಯ

ಮದುವೆಯ ಮನೆಯೊಂದನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಮುಹೂರ್ತಕ್ಕೆ ಇನ್ನು ಮೂರು ದಿನಗಳಿವೆ. ಅಂದಿನ ಊಟಕ್ಕೆ ಎಷ್ಟು ಎಲೆ ಬೀಳುವುದೆಂಬುದನ್ನು ಅಡಿಗೆಯವರಿಗೆ ಈ ಸಂಜೆಯೇ ತಿಳಿಸಬೇಕಾಗಿದೆ. ನಿಶ್ಚಯವಾಗಿ ಬಲ್ಲವರು ಯಾರೂ ಇಲ್ಲ. ಮನೆಯ ಹಿರಿಯ ತಾಯಿಯವರು 180 ಎನ್ನುತ್ತಾರೆ. ಯಜಮಾನರು 200 ಎನ್ನುತ್ತಾರೆ. ಅವರ ತಮ್ಮನು 240 ಎನ್ನುತ್ತಾನೆ. ಕಂಡವರನ್ನೆಲ್ಲ ಕರೆದುಬಂದಿರುವ ಸೋದರಮಾವನವರು ಮಾತ್ರ 660ಕ್ಕೆ ಕಡಮೆಯಾಗದೆಂದು ಸಾಧಿಸುತ್ತಾರೆ. ಒಳಗೆ ಹೂ ಕಟ್ಟುತ್ತಿರುವ ಸೊಸೆಯ ಮನಸ್ಸಿನಲ್ಲಿ 220 ಎಂದಿದೆ. ಆದರೆ ಅವಳನ್ನು ಕೇಳಿದವರಿಲ್ಲ.

ಸತ್ಯವು ಗೊತ್ತಿಲ್ಲ, ಅಭಿಪ್ರಾಯಗಳು ಬೇರೆ ಬೇರೆ, ಆದರೂ ಒಂದು ಸಂಖ್ಯೆಗೆ ಎಲ್ಲರೂ ಒಪ್ಪಲೇಬೇಕು. ನ್ಯಾಯಸ್ಥಾನದಲ್ಲಿ ಪರಿಹಾರದ ಹಣವನ್ನು ಗೊತ್ತುಮಾಡುವ ಪಂಚರಿಗೂ, ಊರಿನ ಕೆಲಸಕ್ಕೆ ಹಣವನ್ನು ಮಂಜೂರು ಮಾಡುವ ಸಭೆಗೂ ಇರುವ ತೊಡಕು ಇದೇ. ಗಣಿತಜ್ಞರು ಇದಕ್ಕೆ ಒಂದು ಮಾರ್ಗವನ್ನು ತೋರಿಸಿರುವರು. ಒಂದೊಂದು ನಿರ್ಣಯದಿಂದಲೂ ಎಲ್ಲರಿಗೂ ಒಟ್ಟು ಎಷ್ಟು ಅಸಮಾಧಾನವಾಗುವುದೆಂದು ಲೆಕ್ಕಹಾಕಿ, ಆ ಮೊತ್ತವು ಅತ್ಯಂತ ಕಡಮೆಯಾಗಿರುವ ನಿರ್ಣಯವನ್ನು ಆರಿಸಿಕೊಳ್ಳುವುದೇ ಆ ಮಾರ್ಗ.

ಸಾಮಾನ್ಯವಾಗಿ ನಾವು ಮಾಡುವುದೇನು? ಎಲ್ಲವನ್ನೂ ಕೂಡಿ ತಲೆಗೆ ಭಾಗಿಸುತ್ತೇವೆ. ಸೊಸೆಯ ಮಾತನ್ನೂ ಸೇರಿಸಿಕೊಂಡರೆ ಐವರ ಮೊತ್ತ 1500, ಸರಾಸರಿ 300. ನಾಲ್ವರ ಊಹೆಯನ್ನೂ ಮೀರಿದ ಈ ಸಂಖ್ಯೆಯು ಮಾವನವರೊಬ್ಬರ ಉತ್ಸಾಹದ ಫಲವೇ ಹೊರತು ಮನೆಯವರ ಒಮ್ಮತವಲ್ಲ. ಇನ್ನು ಐದು ಸಂಖ್ಯೆಗಳನ್ನೂ ಏರುವ ಕ್ರಮದಲ್ಲಿಟ್ಟು ನಡುವಣದನ್ನು ತೆಗೆದುಕೊಂಡರೆ 220 ಬರುವುದು. ಅಸಮಾಧಾನದ ಲೆಕ್ಕವನ್ನು ನೋಡಿರಿ: 300 ಎಂದು ನಿರ್ಣಯಿಸಿದರೆ ಐವರಿಗೂ ಆಗುವ ವ್ಯತ್ಯಾಸಗಳ ಮೊತ್ತ 720, 220 ಎಂದರೆ 520. ಇದಕ್ಕಿಂತ ಕಡಮೆ ಬೇರೆಲ್ಲಿಯೂ ದೊರೆಯದು. ಕಾರಣ ಸುಲಭವಾಗಿದೆ. 220ರಿಂದ 221ಕ್ಕೆ ಸರಿದರೆ ಇಬ್ಬರಿಗೆ ಒಂದೊಂದು ಸಮೀಪವಾಗುವುದು, ಮೂವರಿಗೆ ಒಂದೊಂದು ದೂರವಾಗುವುದು. ಕೆಳಕ್ಕೆ ಸರಿದರೂ ಹಾಗೆಯೇ.

ಸರಾಸರಿಗೆ ಆಧಾರವಿಲ್ಲವೆಂದಲ್ಲ. ವ್ಯತ್ಯಾಸಗಳನ್ನು ವರ್ಗಮಾಡಿ ಕೂಡಿದರೆ ಅತ್ಯಲ್ಪವಾದ ಮೊತ್ತವು ಸರಾಸರಿಯಲ್ಲಿಯೇ ದೊರೆಯುವುದು. ಫ್ರಾನ್ಸಿನ ಲೆಜಾಂಡ್ರನು 1805ರಲ್ಲಿ ಧೂಮಕೇತುಗಳ ಪಥವನ್ನು ಗಣಿಸುವ ಗ್ರಂಥದಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ. ಆದರೆ ವರ್ಗಮಾಡಿದಾಗ ದೊಡ್ಡ ವ್ಯತ್ಯಾಸದ ಧ್ವನಿಯು ಬಹಳವಾಗಿ ಹೆಚ್ಚುವುದು. ನಮ್ಮ ಲೆಕ್ಕದಲ್ಲಿ ಅಂತಹ ಮೊತ್ತ 1,64,000 ಆದರೆ, ಅದರಲ್ಲಿ 1,29,600 ಮಾವನವರೊಬ್ಬರದೇ!

ಈ ವಿಚಾರವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. 1907ರ ಫೆಬ್ರವರಿಯಲ್ಲಿ, ತನ್ನ 85ನೆಯ ವಯಸ್ಸಿನಲ್ಲಿ, ಅವನು 'ನೇಚರ್' ಪತ್ರಿಕೆಗೆ ಒಂದು ಕಾಗದವನ್ನು ಬರೆದನು. ಹಣದ ಮೊತ್ತವನ್ನು ಗೊತ್ತುಮಾಡುವ ಸಭೆಯು ಸರಾಸರಿಯನ್ನು ಹಿಡಿದರೆ ವಿಪರೀತಬುದ್ಧಿಯವರಿಗೆ ಅವರ ವಿಪರೀತಕ್ಕೆ ತಕ್ಕಷ್ಟು ಅಧಿಕಾರವನ್ನು ಕೊಟ್ಟಂತಾಗುವುದೆಂದೂ, ನಡುವಣ ಊಹೆಯೇ ನ್ಯಾಯವೆಂದೂ ಅವನ ವಾದ. ನಡುವಣದನ್ನು ಬಿಟ್ಟು ಬೇರಾವುದನ್ನು ಹಿಡಿದರೂ, ಅದು ಹೆಚ್ಚಾಯಿತೆಂದೋ ಕಡಮೆಯಾಯಿತೆಂದೋ ಬಹುಮತವು ಅದಕ್ಕೆ ವಿರೋಧವಾಗಿ ನಿಲ್ಲುವುದಷ್ಟೆ.

ಮರುತಿಂಗಳಿನಲ್ಲಿಯೇ ಅವನು ಇದಕ್ಕೆ ಒಂದು ನಿದರ್ಶನವನ್ನು ಪ್ರಕಟಿಸಿದನು. ಪ್ಲಿಮತ್ ನಗರದ ಜಾನುವಾರು ಪ್ರದರ್ಶನದಲ್ಲಿ ಕೊಬ್ಬಿದ ಎತ್ತೊಂದನ್ನು ನಿಲ್ಲಿಸಿ, ಕಡಿದು ಹಸನುಮಾಡಿದ ಮೇಲೆ ಅದರ ತೂಕವೆಷ್ಟಾದೀತೆಂದು ಊಹಿಸುವ ಪಂದ್ಯವನ್ನು ಇಟ್ಟಿದ್ದರು. ಒಬ್ಬೊಬ್ಬರೂ ಆರು ಪೆನ್ನಿ ಕೊಟ್ಟು ಚೀಟಿಯನ್ನು ಕೊಂಡು ತಮ್ಮ ಊಹೆಯನ್ನು ಬರೆದುಕೊಟ್ಟರು. ಕಟುಕರೂ ರೈತರೂ ಇದ್ದಂತೆಯೇ ಏನೂ ಅರಿಯದವರೂ ಬಹಳ ಮಂದಿ ಇದ್ದರು. ಸರಿಯಾಗಿದ್ದ 787 ಚೀಟಿಗಳನ್ನು ಗಾಲ್ಟನ್ ಕ್ರಮವಾಗಿ ಜೋಡಿಸಿ ನೋಡಲು ನಡುವಣ ಊಹೆ 1207 ಪೌಂಡು; ಅವನು ಕೊಟ್ಟಿರುವ ನಿಜವಾದ ತೂಕ 1198 ಪೌಂಡು. ನೂರಕ್ಕೆ ಒಂದರಷ್ಟೂ ತಪ್ಪಿಲ್ಲ! ಬಳಿಕ ಲೆಕ್ಕಮಾಡಿದ ಸರಾಸರಿಯು 1197 ಆಗಿ ಇನ್ನೂ ಸಮೀಪಕ್ಕೆ ಬಂದಿತೆಂಬುದನ್ನೂ ಹೇಳಬೇಕು. ತಪ್ಪುಗಳು ಎರಡು ಕಡೆಗೂ ಹರಡಿಕೊಂಡಿದ್ದಲ್ಲಿ ಸರಾಸರಿಯೂ ಕೆಟ್ಟದ್ದಲ್ಲ. ಜನಸಾಮಾನ್ಯರ ತೀರ್ಪು ತಾನೆಣಿಸಿದ್ದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವೆಂದು ಗಾಲ್ಟನ್ ಒಪ್ಪಿಕೊಂಡನು.

ಅರಿಯದ ಹಲವರು ಸೇರಿ ಅರಿತವರಂತಾಗುವುದು ಹೇಗೆ? ಇದಕ್ಕೆ ಉತ್ತರವನ್ನು 1785ರಲ್ಲಿಯೇ ಫ್ರಾನ್ಸಿನ ಕೊಂಡೋರ್ಸೆ ಎಂಬ ಪಂಡಿತನು ಕೊಟ್ಟಿದ್ದನು. ಹೌದು ಅಲ್ಲ ಎಂಬ ಪ್ರಶ್ನೆಯೊಂದರಲ್ಲಿ ಪ್ರತಿಯೊಬ್ಬನೂ ನೂರಕ್ಕೆ 60 ಸಲ ಸರಿಯಾಗಿ ಹೇಳುವನೆಂದು ಇಟ್ಟುಕೊಳ್ಳಿರಿ. ಅಂತಹ ಮೂವರ ಬಹುಮತವು ನೂರಕ್ಕೆ ಸುಮಾರು 65 ಸಲವೂ, ಐವರದು ಸುಮಾರು 68 ಸಲವೂ, ಹನ್ನೊಂದು ಮಂದಿಯದು ಸುಮಾರು 75 ಸಲವೂ ಸರಿಯಾಗಿರುವುದು. ಆದರೆ ಇದಕ್ಕೆ ಎರಡು ನಿಬಂಧನೆಗಳುಂಟು. ಒಬ್ಬೊಬ್ಬನೂ ಸರಿಯಾಗಿ ಹೇಳುವ ಸಂಭವವು ಅರ್ಧಕ್ಕಿಂತ ಹೆಚ್ಚಾಗಿರಬೇಕು. ಇಲ್ಲದಿದ್ದರೆ ಗುಂಪು ಬೆಳೆದಷ್ಟೂ ತಪ್ಪೇ ಬಲವಾಗುವುದು. ಎರಡನೆಯದಾಗಿ, ಒಬ್ಬೊಬ್ಬನೂ ತನ್ನ ಬುದ್ಧಿಯಿಂದಲೇ ಹೇಳಬೇಕು. ಯಜಮಾನರ ಮುಖವನ್ನು ನೋಡಿ ಉಳಿದ ನಾಲ್ವರು ತಲೆಯಾಡಿಸಿದರೆ ಅಲ್ಲಿರುವುದು ಐದು ಮತಗಳಲ್ಲ, ಒಂದೇ ಮತ.

ಈ ತತ್ತ್ವದ ಬೆಲೆಯನ್ನು ಕೊಂಡೋರ್ಸೆಯ ಬಾಳೇ ತಿಳಿಸುವುದು. ಕ್ರಾಂತಿಯ ಕಾಲದಲ್ಲಿ ಅವನು ಜನತಾಸಭೆಯ ಸದಸ್ಯನಾಗಿದ್ದನು. 1793ರಲ್ಲಿ ಅಧಿಕಾರಕ್ಕೆ ಬಂದ ಪಕ್ಷದ ರಾಜ್ಯಾಂಗವನ್ನು ಖಂಡಿಸಿದುದಕ್ಕಾಗಿ ಅವನನ್ನು ಬಂಧಿಸಬೇಕೆಂದು ಆ ಸಭೆಯೇ ಆಜ್ಞಾಪಿಸಿತು. ಅನೇಕ ತಿಂಗಳು ಪ್ಯಾರಿಸಿನ ಮನೆಯೊಂದರಲ್ಲಿ ಅಡಗಿದ್ದು, 1794ರ ಮಾರ್ಚಿಯಲ್ಲಿ ಸಿಕ್ಕಿಬಿದ್ದು ಸೆರೆಮನೆಯಲ್ಲಿಯೇ ಅವನು ಸತ್ತನು. ಭಯವು ಹೊಕ್ಕ ಸಭೆಯಲ್ಲಿ ಕೈಗಳೆಷ್ಟು ಮೇಲೆದ್ದರೂ ಅವು ಮತಗಳಾಗವು.

ಆದುದರಿಂದಲೇ ಲೆಕ್ಕಕ್ಕಿಂತ ಮೊದಲು ಕೇಳುವ ಕ್ರಮವು ಮುಖ್ಯ. ಪ್ರಾಣದಂಡನೆಯ ವಿಚಾರದಲ್ಲಿ ಕಿರಿಯ ನ್ಯಾಯಾಧಿಪತಿಗಳಿಂದಲೇ ಅಭಿಪ್ರಾಯವನ್ನು ಕೇಳತೊಡಗಬೇಕೆಂದು ಯೆಹೂದ್ಯರ ಪ್ರಾಚೀನ ಧರ್ಮಶಾಸ್ತ್ರವಾದ ಮಿಷ್ನಾ ವಿಧಿಸಿದೆ. ಹಿರಿಯರ ಮಾತು ಮೊದಲು ಹೊರಟರೆ ಕಿರಿಯರ ಬಾಯಿ ಕಟ್ಟುವುದಲ್ಲವೆ?

ಈಗ ಮದುವೆಯ ಮನೆಗೆ ಹಿಂದಿರುಗೋಣ. ಸೊಸೆಯನ್ನು ಬಿಟ್ಟು ನಾಲ್ವರನ್ನೇ ಎಣಿಸಿದರೆ 200ರಿಂದ 240ರ ವರೆಗೆ ಯಾವ ಸಂಖ್ಯೆಯನ್ನು ಹಿಡಿದರೂ ಅಸಮಾಧಾನದ ಮೊತ್ತವೊಂದೇ. ಅಣ್ಣತಮ್ಮಂದಿರ ಚರ್ಚೆ ಮುಗಿಯದು. ಅವಳ ಮಾತು ಸೇರಿದೊಡನೆಯೇ ನಡುವು ಗೊತ್ತಾಗುವುದು. ಆದರೆ ಗೃಹಿಣಿಯರು ಇಲ್ಲಿ ಒಂದು ಆಕ್ಷೇಪವನ್ನು ತರುವರು: ಅನ್ನ ಉಳಿದರೆ ನಷ್ಟ, ಸಾಲದೆಹೋದರೆ ಮಾನವೇ ಹೋಗುವುದು; ಎರಡೂ ಸಮವೇ? ಈ ಮಾತು ಸರಿ. ಗಣಿತವೂ ಇದನ್ನು ಮನ್ನಿಸುವುದು. ಐದು ಊಹೆಗಳೂ ಸಮಸಂಭವವೆಂದೂ, ಒಂದೆಲೆ ಸಾಲದಿರುವುದು ಒಂದೆಲೆ ಉಳಿಯುವುದಕ್ಕಿಂತ ಮೂರರಷ್ಟು ಕೆಟ್ಟದ್ದೆಂದೂ ಎಣಿಸಿದರೆ, ನಡುವನ್ನು ಬಿಟ್ಟು ಮುಕ್ಕಾಲು ಭಾಗದ ಸ್ಥಾನಕ್ಕೆ ಏರಬೇಕು. ಆಗ 240 ಬರುವುದು. ಮಾವನವರ ಮಾತಿಗೂ ಬೆಲೆ ಬಂದಿತು, ಆದರೆ ಅದು ಮನೆಯನ್ನು ಆಳಲಿಲ್ಲ.

ಮನೆಯಲ್ಲಿ ಮುಂದಿನ ಸಲ ಇಂತಹ ಪ್ರಶ್ನೆಯು ಬಂದಾಗ ಎಲ್ಲರಿಗೂ ಒಂದೊಂದು ಚೀಟಿಯನ್ನು ಕೊಟ್ಟು, ಮಾತಿಗಿಂತ ಮೊದಲು ಬರೆಯಿಸಿ ನೋಡಿರಿ. ಯಾವ ತಪ್ಪು ಹೆಚ್ಚು ನೋಯಿಸುವುದೆಂಬುದನ್ನು ಅನಂತರ ಕೂಡಿ ವಿಚಾರಮಾಡಿರಿ. ಕೂಡುವುದು ಕಳೆಯುವುದು ಬಲ್ಲ ಮಗುವೂ ಉಳಿದ ಲೆಕ್ಕವನ್ನು ಮಾಡಬಲ್ಲದು. ಕೇಳದೆ ಬಿಟ್ಟ ಮಾತನ್ನು ಮಾತ್ರ ಯಾವ ಗಣಿತವೂ ಲೆಕ್ಕಕ್ಕೆ ತಂದುಕೊಡಲಾರದು.