ವ್ಯಾಧಿಕ್ಷಮತ್ವವೆಂಬ ಶಬ್ದವೂ ಕೊರೋನಾ ವ್ಯಾಧಿಯೂ

ಭಾರತದಲ್ಲಿ ಕೊರೋನಾ ವ್ಯಾಧಿಯಿಂದಾದ ಮೊದಲ ಮರಣವು ೨೦೨೦ನೆಯ ಇಸವಿಯ ಮಾರ್ಚಿಯಲ್ಲಿ, ನಮ್ಮ ನೆರೆಯ ಕಲಬುರಗಿಯ ವೃದ್ಧರೊಬ್ಬರದು. ಅಂದಿನಿಂದ 'ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಿರಿ' ಎಂಬ ಮಾತು ಎಲ್ಲೆಲ್ಲಿಯೂ ಕೇಳಬಂದಿತು. ತಾಳಿಕೋಟೆಯ ಮನೆಗಳಲ್ಲಿಯೂ ಶುಂಠಿ, ಮೆಣಸು, ಅಮೃತಬಳ್ಳಿಗಳ ಕಷಾಯವು ಕುದಿಯಿತು. ಕಷಾಯದ ಮೇಲೆ ನಮಗೆ ದ್ವೇಷವಿಲ್ಲ. ಪ್ರಕೃತ ವಿಚಾರಾರ್ಹವಾದುದು 'ಹೆಚ್ಚಿಸು' ಎಂಬ ಕ್ರಿಯಾಪದ.

ನಿರೋಧವೆಂದರೆ ತಡೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯಾದರೋ ಈ ಶಕ್ತಿಗೆ ವ್ಯಾಧಿಕ್ಷಮತ್ವವೆಂದು ಹೆಸರು. ವ್ಯಾಖ್ಯಾನಕಾರನಾದ ಚಕ್ರಪಾಣಿದತ್ತನು ಇದಕ್ಕೆ ಎರಡು ಅರ್ಥಗಳನ್ನು ಹೇಳುತ್ತಾನೆ: ವ್ಯಾಧಿಯ ಬಲವನ್ನು ಎದುರಿಸುವುದು ಮೊದಲನೆಯದು, ವ್ಯಾಧಿಯೇ ಹುಟ್ಟದಂತೆ ತಡೆಯುವುದು ಎರಡನೆಯದು. ಮೂಲವಾದ ಕ್ಷಮ್ ಧಾತುವಿಗೆ ಸಹಿಸುವುದೆಂಬ ಅರ್ಥವು ಪ್ರಸಿದ್ಧ. ಪ್ರಾಚೀನರಿಗೆ ವೈರಸ್ಸು ತಿಳಿದಿತ್ತೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಅಂತಹ ವಾದಗಳು ಹಾಸ್ಯಾಸ್ಪದ. ಆದರೆ ಎದುರು, ತಡೆ, ಸಹನೆ ಮೂರನ್ನೂ ಒಳಗೊಂಡ ಈ ಶಬ್ದವು ಇಂದಿನ ಶಾಸ್ತ್ರವು ಕಂಡ ಸಂಗತಿಗೆ ಹೆಚ್ಚು ಒಪ್ಪುತ್ತದೆ.

ಸಂಗತಿಯು ಹೀಗಿದೆ. ವೈರಸ್ಸು ತನ್ನ ಮುಳ್ಳುಗಳಿಂದ ಮೂಗು, ಶ್ವಾಸಕೋಶಗಳ ಜೀವಕೋಶಗಳನ್ನು ಹಿಡಿದು ಒಳಹೊಗುತ್ತದೆ. ಆಗ ಆ ಕೋಶವು ಇಂಟರ್‌ಫೆರಾನ್ ಎಂಬ ದ್ರವ್ಯವನ್ನು ಹೊರಡಿಸಿ ನೆರೆಯ ಕೋಶಗಳನ್ನು ಎಚ್ಚರಿಸಬೇಕು. ಈ ವೈರಸ್ಸು ಆ ಕೂಗನ್ನೇ ಅಡಗಿಸಬಲ್ಲುದು. ಕೆಲವರಲ್ಲಂತೂ ದೇಹವೇ ಇಂಟರ್‌ಫೆರಾನಿಗೆ ವಿರುದ್ಧವಾದ ಪ್ರತಿಕಾಯಗಳನ್ನು ಹುಟ್ಟಿಸಿಕೊಂಡಿರುತ್ತದೆ. ೨೦೨೦ರಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ, ಪ್ರಾಣಾಪಾಯದಲ್ಲಿದ್ದ ೯೮೭ ರೋಗಿಗಳ ಪೈಕಿ ೧೦೧ ಮಂದಿಯಲ್ಲಿ ಇದು ಕಂಡುಬಂದಿತು. ವೈರಸ್ಸಿಗೆಂದೇ ಹುಟ್ಟಬೇಕಾದ ಪ್ರತಿಕಾಯಗಳೂ ಟಿ-ಕೋಶಗಳೂ ಸಿದ್ಧವಾಗಲು ವಾರವಾದರೂ ಬೇಕು. ಅಷ್ಟರಲ್ಲಿ ವೈರಸ್ಸು ಬೆಳೆದುಬಿಟ್ಟರೆ ದೇಹವು ಇಂಟರ್‌ಲ್ಯೂಕಿನ್-೬ ಮೊದಲಾದ ಪ್ರಕೋಪಕ ದ್ರವ್ಯಗಳನ್ನು ಮಿತಿಮೀರಿ ಸುರಿಸುತ್ತದೆ. ಉರಿಯೂತದಿಂದ ಶ್ವಾಸಕೋಶದ ಗಾಳಿಚೀಲಗಳಲ್ಲಿ ದ್ರವವು ತುಂಬುತ್ತದೆ. ಕಳ್ಳನು ಬಂದಾಗ ಮಲಗಿದ್ದ ಕಾವಲುಗಾರನು ಆಮೇಲೆ ಎದ್ದು ಮನೆಗೇ ಬೆಂಕಿಯಿಟ್ಟಂತೆ.

ಇಲ್ಲಿ 'ಹೆಚ್ಚಿಸು'ವುದರಿಂದ ಏನಾದೀತು? ೨೦೨೦ರ ಜೂನಿನಲ್ಲಿ ಆಕ್ಸ್‌ಫರ್ಡಿನವರು ನಡೆಸಿದ 'ರಿಕವರಿ' ಪರೀಕ್ಷೆಯ ಫಲವು ಹೊರಬಿದ್ದಿತು. ಪ್ರಾಣವುಳಿಸಿದ ಡೆಕ್ಸಾಮೆಥಾಸೋನು ಹಳೆಯದಾದ, ಅಗ್ಗವಾದ, ಈ ಪ್ರಕೋಪವನ್ನು ತಗ್ಗಿಸುವ ಔಷಧ. ಯಂತ್ರದಿಂದ ಉಸಿರಾಡುತ್ತಿದ್ದವರಲ್ಲಿ ೨೮ ದಿನಗಳೊಳಗಿನ ಮರಣವು ಔಷಧವಿಲ್ಲದೆ ನೂರಕ್ಕೆ ೪೧.೪, ಔಷಧದಿಂದ ೨೯.೩. ಆಮ್ಲಜನಕವೇ ಬೇಕಾಗದವರಿಗೆ ಅದೇ ಔಷಧದಿಂದ ಪ್ರಯೋಜನವು ಕಾಣಲಿಲ್ಲ. ಹಾನಿಯ ಶಂಕೆಯೂ ಉಳಿಯಿತು. ಮಾತ್ರೆಯೂ ಕಾಲವೂ ತಪ್ಪಿದರೆ ಏನೆಂಬುದನ್ನು ೨೦೨೧ರ ಬೇಸಗೆಯು ತೋರಿಸಿತು: ಮಧುಮೇಹವುಳ್ಳವರಲ್ಲಿ, ಸ್ಟೀರಾಯ್ಡುಗಳ ಅತಿಬಳಕೆಯೂ ಸೇರಿ, ಕಪ್ಪು ಶಿಲೀಂಧ್ರವು ಕರ್ನಾಟಕದಲ್ಲಿಯೂ ಹಲವರ ಕಣ್ಣನ್ನೂ ಪ್ರಾಣವನ್ನೂ ತೆಗೆಯಿತು. ಗುಣಹೊಂದಿದವರ ರಕ್ತರಸವನ್ನು ಕೊಟ್ಟು ಕ್ಷಮತ್ವವನ್ನು ಕಡತರುವ ಉಪಾಯವು, ಭಾರತದ ೩೯ ಆಸ್ಪತ್ರೆಗಳ ೪೬೪ ರೋಗಿಗಳಲ್ಲಿ ಪರೀಕ್ಷಿಸಲ್ಪಟ್ಟು, ನಿಷ್ಫಲವೆನಿಸಿತು.

ಲಸಿಕೆಯ ವಿಷಯದಲ್ಲಿ ಚಕ್ರಪಾಣಿದತ್ತನ ವಿಭಾಗವು ಮತ್ತೆ ನೆನಪಾಗುತ್ತದೆ. ೨೦೨೧ರ ಜನವರಿಯಲ್ಲಿ ನಮ್ಮ ದೇಶದಲ್ಲಿ ಲಸಿಕೆ ಹಾಕಲಾರಂಭಿಸಿದಾಗ, ಇನ್ನು ರೋಗವೇ ಬಾರದೆಂದು ಹಲವರು ತಿಳಿದರು. ಬಂದಾಗ ಲಸಿಕೆಯನ್ನು ಹಳಿದರು. ಪ್ರತಿಕಾಯಗಳು ಕೆಲವು ತಿಂಗಳಲ್ಲಿ ಇಳಿಯುವುದರಿಂದಲೂ, ವೈರಸ್ಸು ರೂಪವನ್ನು ಬದಲಿಸುವುದರಿಂದಲೂ ಎರಡನೆಯ ಅರ್ಥದ ಕ್ಷಮತ್ವವು ಬೇಗ ಸವೆಯುತ್ತದೆ. ಟಿ-ಕೋಶಗಳನ್ನೂ ಸ್ಮೃತಿಕೋಶಗಳನ್ನೂ ಆಶ್ರಯಿಸಿದ ಮೊದಲನೆಯದು, ರೋಗವು ಉಲ್ಬಣಿಸದಂತೆ, ಅದಕ್ಕಿಂತ ಬಹುಕಾಲ ಉಳಿಯುತ್ತದೆ.