ಎಳ್ಳಮಾಸಿಯ ಬುತ್ತಿ, ಮನೆಯ ಉಣ್ಣೆ

ಮಾರ್ಗಶಿರ ಮಾಸದ ಅಮಾವಾಸ್ಯೆ ಬಂತೆಂದರೆ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ನಮ್ಮ ಒಕ್ಕಲು ಮನೆಗಳಲ್ಲಿ ಮಧ್ಯಾಹ್ನದ ಊಟ ಹೊಲದಲ್ಲಿಯೇ. ನಾವು ಎಳ್ಳಮಾಸಿ ಎಂದು ಕರೆಯುವ ಈ ಹಬ್ಬವನ್ನು ಸೊಲ್ಲಾಪುರ, ಲಾತೂರ ಕಡೆಯ ಮರಾಠಿ ಬಾಂಧವರು ವೇಳ ಅಮಾವಾಸ್ಯೆ ಎನ್ನುತ್ತಾರೆ. ಹೆಸರು ಎರಡಾದರೂ ಅಂಬಲಿ ಒಂದೇ, ಭೂಮಿತಾಯಿ ಒಬ್ಬಳೇ. ಹಿಂಗಾರಿ ಜೋಳ ಹೊಡೆ ಹಿರಿಯುವ ಕಾಲ ಅದು. ತೊಗರಿ ಕಾಯಿ ಕಟ್ಟಿರುತ್ತದೆ, ಕಡಲೆ ಹಸಿರಾಗಿರುತ್ತದೆ. ಬಸುರಿ ಭೂಮಿಗೆ ಬಯಕೆಯ ಊಟ ಬಡಿಸುವುದೇ ಈ ಹಬ್ಬದ ಅರ್ಥ.

ಆ ದಿನದ ಅಡಿಗೆಯನ್ನು ನೋಡಿದರೆ ಅದು ಹೊಲದ ಲೆಕ್ಕಪತ್ರವೇ ಸರಿ. ಎಳ್ಳು ಹಚ್ಚಿ ಬಡಿದ ಸಜ್ಜಿ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೊಸರು ಬುತ್ತಿ. ಇವೆಲ್ಲಕ್ಕೂ ಮುಖ್ಯವಾದುದು ಭಜ್ಜಿ. ಹಸಿ ತೊಗರಿಕಾಳು, ಹಸಿಗಡಲೆ, ಅವರೆ, ಬದನೆ, ಮೆಂತೆ, ಉಳ್ಳಾಗಡ್ಡಿ ತಪ್ಪಲು, ಹೀಗೆ ಹೊಲದಲ್ಲಿ ಸಿಕ್ಕಿದ್ದನ್ನೆಲ್ಲ ಬೇಯಿಸಿ, ಮಜ್ಜಿಗೆಯಲ್ಲಿ ಕಲಸಿದ ಕಡಲೆಹಿಟ್ಟು ಬೆರೆಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಭಜ್ಜಿಯಾಯಿತು. ಜೋಳದ ಹಿಟ್ಟನ್ನು ತೆಳ್ಳಗೆ ಕುದಿಸಿ, ಆರಿಸಿ, ಮಜ್ಜಿಗೆ, ಜೀರಿಗೆ, ಉಪ್ಪು ಸೇರಿಸಿದರೆ ಅಂಬಲಿ. ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದ ಮೇಲೆಯೇ ನಮ್ಮ ಊಟ.

ಊಟಕ್ಕೆ ಕೂಡ್ರಲು ಏನು ಹಾಸುತ್ತೇವೆ? ಹಿಂದೆ ಈ ಪ್ರಶ್ನೆ ಕೇಳುವ ಕಾರಣವೇ ಇರಲಿಲ್ಲ. ಯಜಮಾನನ ಹೆಗಲ ಮೇಲಿನ ಕರಿ ಕಂಬಳಿಯೇ ಹಾಸಿಗೆ. ರಾತ್ರಿ ಜೋಳ ಕಾಯುವವನಿಗೆ ಅದೇ ಹೊದಿಕೆ, ಮಳೆ ಬಂದರೆ ಅದೇ ಕೊಪ್ಪೆ. ದೀಪಾವಳಿಯ ಅಮಾವಾಸ್ಯೆಗೆ ಮಂಗಳವೇಢೆ ತಾಲೂಕಿನ ಹುಲಜಂತಿಗೆ ಮಾಳಿಂಗರಾಯನ ದರ್ಶನಕ್ಕೆ ಹೋಗುವ ಹಾಲುಮತದ ಹಿರಿಯರ ಹೆಗಲ ಮೇಲೆ ಇಂದಿಗೂ ಕಂಬಳಿಯನ್ನು ಕಾಣಬಹುದು. ಆದರೆ ಎಳ್ಳಮಾಸಿಯ ಹೊಲದಲ್ಲಿ ಈಗ ಹೆಚ್ಚಾಗಿ ಕಾಣುವುದು ಪ್ಲಾಸ್ಟಿಕ್ ಹಾಳೆ, ಸಂತೆಯ ಗಿರಣಿ ರಗ್ಗು. ಹಟ್ಟಿಯ ಉಣ್ಣೆಯೋ, ಅನೇಕ ಕಡೆ ಕತ್ತರಿಸಿದ ಜಾಗದಲ್ಲಿಯೇ ಬಿದ್ದು ತಿಪ್ಪೆ ಸೇರುತ್ತದೆ.

ಹೀಗೇಕಾಯಿತು? ದಖನಿ ಕುರಿಯ ಉಣ್ಣೆ ಒರಟು. ಮೈಗೆ ತಾಗುವ ಶಾಲು, ಸ್ವೆಟರಿಗೆ ಅದು ಒಗ್ಗದು. ಕಂಬಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಬಟ್ಟೆಯನ್ನು ಬಿಡಿಸಿ ನೂತು ನೇಯ್ದ ಅಗ್ಗದ ಹೊದಿಕೆಗಳು ಸಂತೆಗೆ ಬಂದ ಮೇಲೆ ಕಂಬಳಿಯ ಗಿರಾಕಿ ಕಡಿಮೆಯಾದ. ಇನ್ನೊಂದು ಕಡೆ, ಮಾಂಸಕ್ಕೆ ಬೆಲೆ ಏರಿದಂತೆ ಕುರಿಗಾರರು ಮೈತೂಕ ಹೆಚ್ಚು ಬರುವ ತಳಿಗಳತ್ತ ತಿರುಗಿದರು. ಜತ್ತ ತಾಲೂಕಿನ ಮಾಡಗ್ಯಾಳ ಊರಿನ ಹೆಸರಿನಿಂದಲೇ ಪ್ರಸಿದ್ಧವಾದ ಮಾಡಗ್ಯಾಳ ಕುರಿ ನಮ್ಮ ನೆಲದ ಹೆಮ್ಮೆ. ಆದರೆ ಅದರ ಮೈಮೇಲೆ ಕಂಬಳಿಗಾಗುವಷ್ಟು ಉಣ್ಣೆ ಇಲ್ಲ. ಕುರಿಗಾರರನ್ನು ಇದಕ್ಕಾಗಿ ದೂರುವಂತಿಲ್ಲ. ಹೊಟ್ಟೆಯ ಪ್ರಶ್ನೆ ಮೊದಲು.

ಇಷ್ಟೇ ಕಾರಣವೆಂದು ಹೇಳಿ ಸುಮ್ಮನಾದರೆ ಅರ್ಧ ಮಾತು ಹೇಳಿದಂತೆ. ಉಳಿದರ್ಧ ಮನೆಯೊಳಗಿದೆ. ಕಂಬಳಿ ಆಗುವ ಬಗೆಯನ್ನು ನೋಡಿರಿ. ಕುರಿಯ ಮೈ ತೊಳೆದು, ಒಣಗಿಸಿ, ಉಣ್ಣೆ ಕತ್ತರಿಸುವವರು ಗಂಡಸರು. ಮುಳ್ಳು ಕಸ ಆರಿಸಿ, ಹಿಂಜಿದ ಉಣ್ಣೆಯ ಹಂಜಿ ಮಾಡಿ, ರಾಟಿಯ ಮೇಲೆ ನೂಲು ತೆಗೆಯುವವರು ಹೆಂಗಸರು. ಸಾರಿಗೆ ಹುಳಿ ಹಿಂಡಿದ ಮೇಲೆ ಉಳಿದ ಹುಣಸಿ ಬೀಜವನ್ನು ಚೆಲ್ಲದೆ ಕೂಡಿಟ್ಟು, ನೆನೆಸಿ, ಅರೆದು, ಕುದಿಸಿ ಗಂಜಿ ಮಾಡುವವರೂ ಅವರೇ. ಆ ಗಂಜಿಯನ್ನು ಹಾಸಿಗೆ ಬಳಿದು ಬಿಸಿಲಿಗೆ ಒಣಗಿಸಿದರೆ ಎಳೆಗೆ ಬಿಗಿ ಬರುತ್ತದೆ. ಆಮೇಲೆ ಕುಣಿ ಮಗ್ಗದಲ್ಲಿ ನೇಯ್ಗೆ. ಕಂಬಳಿ ಮಾರಿದಾಗ ಉಣ್ಣೆಗೆ ಬೆಲೆ ಕಟ್ಟುತ್ತಾರೆ, ನೇಕಾರನಿಗೆ ಕೂಲಿ ಕಟ್ಟುತ್ತಾರೆ. ನೂತವಳ ದಿನಗಳನ್ನು ಮಾತ್ರ ಯಾರೂ ಎಣಿಸುವುದಿಲ್ಲ. ಅದು ಮನೆಗೆಲಸವೆಂದು ಬಿಟ್ಟುಬಿಡುತ್ತಾರೆ.

ಒಂದು ಲೆಕ್ಕ ಹಾಕೋಣ. ಒಂದು ಕಂಬಳಿಗೆ 2 ಕಿಲೋ ನೂಲು ಬೇಕೆಂದೂ, ಒಬ್ಬ ತಾಯಿ ದಿನಕ್ಕೆ 200 ಗ್ರಾಂ ನೂಲುತ್ತಾಳೆಂದೂ ಇಟ್ಟುಕೊಂಡರೆ ನೂಲಿಗೇ 10 ದಿನ. ಕಳೆ ತೆಗೆಯುವ ಕೂಲಿ ದಿನಕ್ಕೆ 300 ರೂಪಾಯಿ ಎಂದು ಹಿಡಿದರೆ 3,000 ರೂಪಾಯಿ. ಬಿಡುವಿನಲ್ಲಿ ಮಾಡಿದ ಕೆಲಸವೆಂದು ಅರ್ಧ ಹಿಡಿದರೂ 1,500. ಈ ಹಣವನ್ನು ಲೆಕ್ಕಕ್ಕೆ ಹಿಡಿಯದೆ ಕಂಬಳಿಯನ್ನು ಅಗ್ಗವಾಗಿ ಮಾರಿದ್ದರಿಂದಲೇ ಸೊಸೆ ರಾಟಿಯನ್ನು ಅಟ್ಟಕ್ಕೆ ಏರಿಸಿದಳು. ಅತ್ತೆ ನೂತದ್ದು ಅಭ್ಯಾಸದಿಂದ. ಸೊಸೆ ಬಿಟ್ಟದ್ದು ಲೆಕ್ಕದಿಂದ. ಇದರಲ್ಲಿ ಸೊಸೆಯ ತಪ್ಪಿಲ್ಲ.

ಇಷ್ಟು ದುಬಾರಿ ಕಂಬಳಿಯನ್ನು ಕೊಳ್ಳುವವರು ಯಾರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲರೂ ಕೊಳ್ಳುವುದಿಲ್ಲ. ಆದಕಾರಣ ಮಾರಾಟದಿಂದಲ್ಲ, ಮನೆಯಿಂದಲೇ ಆರಂಭಿಸುವುದು ಲೇಸು. ಮನೆಯಲ್ಲಿ ದಖನಿ ಕುರಿಗಳಿದ್ದವರು ಈ ನಾಲ್ಕು ಮಾತುಗಳನ್ನು ನಡೆಸಿ ನೋಡಲಿ.

ಮೊದಲನೆಯದು, ಉಣ್ಣೆಯನ್ನು ನೆಲದ ಮೇಲೆ ಕತ್ತರಿಸದೆ ತಾಡಪತ್ರಿ ಹಾಸಿ ಕತ್ತರಿಸಿರಿ. ಕಸ ಆರಿಸುವ ಶ್ರಮ ಬಹಳಷ್ಟು ಉಳಿಯುತ್ತದೆ. ಎರಡನೆಯದು, ಮರಿಯ ಮೊದಲ ಕತ್ತರಿಯ ಉಣ್ಣೆ ಹೆಚ್ಚು ಮೆತ್ತಗೆ, ಹೆಚ್ಚು ಕಪ್ಪು. ಅದನ್ನು ಮುದಿ ಕುರಿಯ ಉಣ್ಣೆಯೊಡನೆ ಕಲಸದೆ ಬೇರೆ ಚೀಲದಲ್ಲಿ ಒಣ ಬೇವಿನೆಲೆ ಹಾಕಿ ಇಡಿರಿ. ಮೂರನೆಯದು, ನೂತ ನೂಲನ್ನು ದಿನಾಲು ತೂಗಿ, ನೂತವಳ ಹೆಸರಿನಲ್ಲಿ ಮಕ್ಕಳ ಕೈಯಿಂದ ವಹಿಯಲ್ಲಿ ಬರೆಸಿರಿ. ಕನ್ನಡ ಅಕ್ಷರಕ್ಕೂ ಅದು ಅಭ್ಯಾಸವಾದೀತು. ನಾಲ್ಕನೆಯದು, ಕಂಬಳಿ ಮಾರಿದರೆ ನೂಲಿನ ಹಣವನ್ನು ಮೊದಲು ತೆಗೆದು ನೂತವಳ ಕೈಯಲ್ಲಿಡಿರಿ. ಉಳಿದದ್ದು ಆಮೇಲೆ ಹಂಚಿಕೆಯಾಗಲಿ.

ಹಬ್ಬದ ಅಡಿಗೆಗೂ ಇದೇ ಮಾತು ಸಲ್ಲುತ್ತದೆ. ಹೊಲದಲ್ಲಿ ಹತ್ತು ಜನ ಉಂಡು ತೇಗುವ ಬುತ್ತಿಗೆ ಮನೆಯ ಹೆಣ್ಣುಮಕ್ಕಳು ಕೋಳಿ ಕೂಗುವ ಮುಂಚೆ ಒಲೆಯ ಮುಂದೆ ಕುಳಿತಿರುತ್ತಾರೆ. ಹಿಂದಿನ ಸಂಜೆ ತೊಗರಿಕಾಯಿ ಸುಲಿಯುವುದು, ಶೇಂಗಾ ಹುರಿದು ಸಿಪ್ಪೆ ತೆಗೆಯುವುದು, ಬೆಲ್ಲ ಕುಟ್ಟುವುದು, ನೀರು ಕಟ್ಟಿಗೆ ತಂದಿಡುವುದು ಗಂಡಸರಿಗೂ ಮಕ್ಕಳಿಗೂ ಬಾರದ ಕೆಲಸಗಳಲ್ಲ. ಭೂಮಿತಾಯಿಗೆ ಬಯಕೆ ಬಡಿಸುವವರು ಮನೆಯ ತಾಯಿಯ ಬೆನ್ನಿಗೆ ಒಂದು ಗಳಿಗೆ ವಿಶ್ರಾಂತಿ ಕೊಟ್ಟರೆ ಹಬ್ಬಕ್ಕೆ ಕುಂದೇನೂ ಬಾರದು.

ಗಡಿಯ ಈಚೆಗಿರುವ ನಮಗೆ ಶಾಲೆ ಕಚೇರಿಗಳ ಮಾತು ಬೇರೆಯಾದರೂ ಚರಗ, ಕೊಪ್ಪೆ, ಹಂಜಿ, ಹಾಸು, ಹೊಕ್ಕು ಎಂಬ ಮಾತುಗಳು ಕೆಲಸದ ಜೊತೆಗೇ ಬದುಕಿ ಬಂದಿವೆ. ಕೆಲಸ ನಿಂತರೆ ಅವೂ ನಿಲ್ಲುತ್ತವೆ. ಈ ಸಲದ ಎಳ್ಳಮಾಸಿಗೆ ಹೊಲದಲ್ಲಿ ಎಲ್ಲರೂ ಕೂಡಿದಾಗ, ಅಂಬಲಿ ಕುಡಿದ ಮೇಲೆ, ಅಟ್ಟದ ರಾಟಿಯ ಮಾತನ್ನೂ ಎತ್ತಿರಿ. ಅದನ್ನು ಕೆಳಗಿಳಿಸಬೇಕೋ ಬೇಡವೋ ಎಂಬುದನ್ನು ನೂಲುವವಳೇ ಹೇಳಲಿ. ಕೂಲಿ ಎಷ್ಟೆಂಬುದನ್ನು ಮೊದಲೇ ಮಾತಾಡಿಕೊಂಡರೆ ಅವಳು ಹೂಂ ಎಂದಾಳೆಂದು ನಮ್ಮ ನಂಬಿಕೆ.